ಮಗಳಿಗೆ ಸಂಗೀತದ ಗುರುವನ್ನು ಅರಸುವ ಬಗೆ

ಸಂಸಾರವಂದಿಗರಾದ ನಮ್ಮ ಹಳೆಯ ವಿದ್ಯಾರ್ಥಿನಿಯರು ವಾರ್ಷಿಕೋತ್ಸವಕ್ಕೆ ಬಂದಾಗಲೆಲ್ಲ ನಮ್ಮನ್ನು ಕೇಳುವ ಪ್ರಶ್ನೆಯೊಂದುಂಟು: ಮಗಳಿಗೆ ಹಾಡುವುದರಲ್ಲಿ ಆಸಕ್ತಿಯಿದೆ, ಹೆಬ್ಬಾಳದ ಸಮೀಪದಲ್ಲಿ ಒಳ್ಳೆಯ ಸಂಗೀತದ ಮೇಷ್ಟರು ಯಾರು? ಒಂದು ಹೆಸರನ್ನು ಹೇಳಿ ಕಳುಹಿಸುವುದು ಸುಲಭ. ಆದರೆ ಒಬ್ಬ ಹುಡುಗಿಗೆ ಒಗ್ಗಿದ ಗುರುಗಳು ಮತ್ತೊಬ್ಬಳಿಗೆ ಒಗ್ಗದಿರುವುದು ಸಾಮಾನ್ಯವಾದುದರಿಂದ, ಹೆಸರನ್ನು ಹೇಳುವುದಕ್ಕಿಂತ ಗುರುವನ್ನು ಆರಿಸಿಕೊಳ್ಳುವ ಬಗೆಯನ್ನು ವಿವರಿಸುವುದೇ ಹೆಚ್ಚು ಉಪಯುಕ್ತವೆಂದು ಭಾವಿಸಿದ್ದೇವೆ.

ಇದರಲ್ಲಿ ಏನು ಅಂತಹ ಗುರುತರವಾದ ವಿಷಯವೆಂದು ಕೆಲವರು ಕೇಳಬಹುದು. "ನನಗೆ ಕಂಠವೇ ಇಲ್ಲ" ಎಂದು ಹೇಳಿಕೊಳ್ಳುವ ಹೆಂಗಸರನ್ನು ನಾವೆಲ್ಲರೂ ಬಲ್ಲೆವು. ಅವರನ್ನು ಕುಳ್ಳಿರಿಸಿ ವಿಚಾರಿಸಿ ನೋಡಿರಿ. ಒಂಬತ್ತನೆಯ ವಯಸ್ಸಿನಲ್ಲಿಯೋ ಹತ್ತನೆಯ ವಯಸ್ಸಿನಲ್ಲಿಯೋ ಆರು ತಿಂಗಳು ಪಾಠಕ್ಕೆ ಹೋಗಿ, ಸ್ವರ ಸೇರುವುದಿಲ್ಲವೆಂದು ಬೈಸಿಕೊಂಡು ನಿಲ್ಲಿಸಿದ ಕಥೆಯು ಎಷ್ಟೋ ಸಲ ಹೊರಬೀಳುತ್ತದೆ. ಅವರಿಗೆ ಕಂಠವಿರಲಿಲ್ಲವೆಂಬುದು ನಿಜವಲ್ಲ. ಆ ಕಂಠಕ್ಕೆ ತಕ್ಕ ಶ್ರುತಿಯನ್ನು ಯಾರೂ ಹುಡುಕಲಿಲ್ಲವೆಂಬುದೇ ಅನೇಕ ವೇಳೆ ನಿಜವಾದ ಸಂಗತಿ. ಆದುದರಿಂದ ಗುರುವನ್ನು ಕಾಣಲು ಹೋಗುವ ತಾಯಿಯು ಮೊಟ್ಟಮೊದಲು ಗಮನಿಸತಕ್ಕುದು ಅವರ ಬಿರುದುಗಳನ್ನಲ್ಲ, ಅವರು ಮಗುವಿನ ಧ್ವನಿಯನ್ನು ಕಿವಿಗೊಟ್ಟು ಕೇಳಿ ಅದರ ಶ್ರುತಿಯನ್ನು ಹುಡುಕುತ್ತಾರೆಯೋ ಇಲ್ಲವೋ ಎಂಬುದನ್ನು.

ಇದನ್ನು ಸ್ವಲ್ಪ ಬಿಡಿಸಿ ಹೇಳುವೆವು. ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ ಶ್ರುತಿಯನ್ನು 'ಮನೆ'ಗಳಿಂದ ಎಣಿಸುವುದು ನಮ್ಮಲ್ಲಿ ರೂಢಿ. ಗಂಡಸರು ಸಾಮಾನ್ಯವಾಗಿ ಒಂದರಿಂದ ಎರಡು ಮನೆಯ ಶ್ರುತಿಯಲ್ಲಿ ಹಾಡುವರು. ಹೆಂಗಸರಿಗೆ ನಾಲ್ಕೂವರೆಯಿಂದ ಆರು ಮನೆಯವರೆಗೆ ಹೊಂದುವುದು. ಒಂದೂವರೆ ಮನೆಯಲ್ಲಿ ಹಾಡುವ ಮೇಷ್ಟರು ಶ್ರುತಿಪೆಟ್ಟಿಗೆಯನ್ನು ತಮ್ಮ ಷಡ್ಜಕ್ಕೇ ಇಟ್ಟುಕೊಂಡು ಹೆಣ್ಣುಮಗುವಿಗೆ ಪಾಠ ಹೇಳಿದರೆ ಏನಾಗುವುದು? ಮಗುವು ಕೆಳಗಿನ ಸ್ಥಾಯಿಯಲ್ಲಿ ಹಾಡಿದರೆ ಮಂದ್ರದ ಸ್ವರಗಳು ಗಂಟಲಿನಲ್ಲಿಯೇ ಉಳಿದು ಪಿಸುಮಾತಿನಂತಾಗುವುವು. ಮೇಲಿನ ಸ್ಥಾಯಿಯನ್ನು ಹಿಡಿದರೆ ಪಂಚಮವನ್ನು ದಾಟುವಷ್ಟರಲ್ಲಿ ಕಿರುಚಬೇಕಾಗುವುದು. ಎರಡರಲ್ಲಿಯೂ ತಪ್ಪು ಮಗುವಿನದೆಂದೇ ತೋರುವುದು! ಒಳ್ಳೆಯ ಗುರುವು ಮೊದಲನೆಯ ದಿನವೇ ಶ್ರುತಿಯನ್ನು ಅರ್ಧರ್ಧ ಮನೆಯಷ್ಟು ಏರಿಸಿ ಇಳಿಸಿ, ಕೆಳಗಿನ ಪಂಚಮವೂ ಮೇಲಿನ ಷಡ್ಜವೂ ಆಯಾಸವಿಲ್ಲದೆ ಬರುವ ಎಡೆಯನ್ನು ಗುರುತಿಸಿಕೊಂಡು, ತಾನೇ ಆ ಶ್ರುತಿಗೆ ಬಗ್ಗುವನು. ಸ್ತ್ರೀಯರಾದ ಗುರುಗಳಿಗೆ ಇದು ಸಹಜವಾಗಿಯೇ ಸುಲಭ. ಆದರೆ ಇದನ್ನು ಶ್ರದ್ಧೆಯಿಂದ ಮಾಡುವ ಪುರುಷರೂ ಉಂಟು. ಉಪಾಧ್ಯಾಯಿನಿಯೆಂದ ಮಾತ್ರಕ್ಕೆ ಈ ಪರೀಕ್ಷೆಯನ್ನು ಬಿಡಕೂಡದು.

ಮತ್ತೊಂದು ಸಂಗತಿಯನ್ನು ಬಹುಮಂದಿ ಅರಿಯರು. ಹನ್ನೊಂದರಿಂದ ಹದಿನಾಲ್ಕು ವರ್ಷಗಳ ನಡುವೆ ಹೆಣ್ಣುಮಕ್ಕಳ ಧ್ವನಿಯೂ ಬದಲಾಗುತ್ತದೆ. ಗಂಡುಹುಡುಗರದರಂತೆ ಥಟ್ಟನೆ ಒಡೆಯುವುದಿಲ್ಲವಾದುದರಿಂದ ಯಾರ ಗಮನಕ್ಕೂ ಬಾರದು. ಕೆಲವು ಕಾಲ ಸ್ವರದೊಡನೆ ಉಸಿರು ಬೆರೆತು, ಮೇಲಿನ ಸ್ವರಗಳು ಕೈಕೊಟ್ಟು, ಶ್ರುತಿಯು ಅರ್ಧ ಮನೆಯೋ ಒಂದು ಮನೆಯೋ ಕೆಳಗಿಳಿಯುವುದು. ಮಗಳ ಅಭ್ಯಾಸವು ಕುಗ್ಗಿತೆಂದು ಆಗ ಗದರಿಸುವವರ ಬಳಿ ಅವಳನ್ನು ಬಿಡಬಾರದು.

ಗಂಗೂಬಾಯಿ ಹಾನಗಲ್ಲರ (1913–2009) ಚರಿತ್ರೆಯನ್ನು ಇಲ್ಲಿ ನೆನೆಯುವುದು ಉಚಿತ. ಟಾನ್ಸಿಲ್ ಚಿಕಿತ್ಸೆಯಾದ ಬಳಿಕ ಅವರ ತೆಳುವಾದ ಧ್ವನಿಯು ದಪ್ಪನಾಗಿ ಗಂಡುಧ್ವನಿಯನ್ನು ಹೋಲುವಂತಾಯಿತು. ಅವರು ಹಾಡುವುದನ್ನು ಬಿಡಲಿಲ್ಲ. ಆ ಧ್ವನಿಗೆ ಒಪ್ಪುವ ಶ್ರುತಿಯಲ್ಲಿಯೇ ಹಾಡಿ ಕಿರಾನಾ ಘರಾಣೆಯ ಗಾಯಕಿಯಾಗಿ ದೇಶದ ಮನ್ನಣೆಯನ್ನು ಪಡೆದರು. ಗುರುವನ್ನು ಅರಸಿದ ಅವರ ಬಗೆಯೂ ಮನನೀಯವಾದುದು. ಮೊದಲನೆಯ ಪಾಠವು ತಾಯಿ ಅಂಬಾಬಾಯಿಯವರಿಂದ. ಅಂಬಾಬಾಯಿಯವರು ಕರ್ನಾಟಕ ಸಂಗೀತದಲ್ಲಿ ನಿಪುಣರು. ಮಗಳ ಒಲವು ಹಿಂದೂಸ್ತಾನಿ ಪದ್ಧತಿಯ ಕಡೆಗೆ ತಿರುಗಿದುದನ್ನು ಕಂಡು, ತಮ್ಮ ಹಾಡುಗಾರಿಕೆಯ ರೀತಿಯು ಅವಳ ಕಲಿಕೆಗೆ ಅಡ್ಡಬಾರದೆಂದು ತಾವು ಹಾಡುವುದನ್ನೇ ನಿಲ್ಲಿಸಿದರಂತೆ. ಮಗಳಿಗೆ ಎಂಥ ಸಂಗೀತ ಬೇಕೆಂಬುದನ್ನು ತಮ್ಮ ಆಸೆಯಿಂದ ಅಳೆಯುವ ತಾಯಂದಿರು ಈ ಮಾತನ್ನು ಗಮನಿಸಬೇಕು. ಮುಂದೆ ಗಂಗೂಬಾಯಿಯವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರಲ್ಲಿ (1886–1952) ಶಿಕ್ಷಣ ಪಡೆದರು. ಆ ಗುರುಗಳು ಒಂದು ಸಲಕ್ಕೆ ಹೇಳಿಕೊಡುತ್ತಿದ್ದುದು ಸ್ವಲ್ಪ, ತಿದ್ದುತ್ತಿದ್ದುದು ಬಹಳ. ತಿಂಗಳಿಗೆ ಎಷ್ಟು ಕೀರ್ತನೆಯಾಯಿತೆಂದು ಲೆಕ್ಕ ಕೇಳುವ ನಮ್ಮ ಪೋಷಕರಿಗೆ ಅವರ ಪಾಠವು ಹಿಡಿಸುತ್ತಿತ್ತೋ ಇಲ್ಲವೋ ತಿಳಿಯದು.

ಅದೇ ಕುಂದಗೋಳದ ಮತ್ತೊಂದು ಸಂಗತಿ. ಗದಗಿನ ಬಾಲಕ ಭೀಮಸೇನ ಜೋಶಿಯವರು (1922–2011) 1933ರಲ್ಲಿ ಗುರುವನ್ನು ಹುಡುಕುತ್ತ ಮನೆಬಿಟ್ಟು ಹೊರಟು, ಗ್ವಾಲಿಯರ್ ಮುಂತಾದೆಡೆಗಳಲ್ಲಿ ಅಲೆದು ದೂರದ ಜಲಂಧರವನ್ನು ಸೇರಿದರು. ನಿನ್ನ ನಾಡಿನಲ್ಲಿಯೇ ಸವಾಯಿ ಗಂಧರ್ವರಿರುವಾಗ ಇಷ್ಟು ದೂರವೇಕೆ ಎಂಬ ಅರ್ಥದ ಬುದ್ಧಿಮಾತನ್ನು ಅಲ್ಲಿ ವಿನಾಯಕರಾವ್ ಪಟವರ್ಧನರು ಹೇಳಿದ ಮೇಲೆಯೇ ಅವರು ಹಿಂದಿರುಗಿ, ತಮ್ಮ ಮನೆಗೆ ಸಮೀಪವೇ ಆದ ಕುಂದಗೋಳದಲ್ಲಿ ಶಿಷ್ಯರಾಗಿ ನಿಂತರು.

ನಮ್ಮ ಹೆಬ್ಬಾಳದವರಿಗೆ ಈ ಸಾಮೀಪ್ಯದ ಪ್ರಶ್ನೆಯು ಸಾಮಾನ್ಯವಾದುದಲ್ಲ. ಬಳ್ಳಾರಿ ರಸ್ತೆಯೂ ಹೊರವರ್ತುಲ ರಸ್ತೆಯೂ ಕೂಡುವ ಮೇಲ್ಸೇತುವೆಯ ಬಳಿ ಸಂಜೆಯ ಹೊತ್ತು ವಾಹನಗಳು ನಿಂತಲ್ಲಿಯೇ ನಿಲ್ಲುವುದನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಮಲ್ಲೇಶ್ವರದ ಪ್ರಸಿದ್ಧ ವಿದ್ವಾಂಸರ ಮನೆಗೆ ಹೋಗಿಬರಲು ಎರಡು ಗಂಟೆಗಳು ಕಳೆದು, ಮುಕ್ಕಾಲು ಗಂಟೆಯ ಪಾಠಕ್ಕೆ ಮಗುವು ಹಸಿದು ದಣಿದು ಕುಳಿತರೆ ಪ್ರಯೋಜನವೇನು? ಮೊದಲ ನಾಲ್ಕಾರು ವರ್ಷಗಳ ಸರಳಿ, ಜಂಟಿ, ಅಲಂಕಾರ, ಗೀತೆಗಳಿಗೆ ಗಂಗಾನಗರ, ಸಂಜಯನಗರ, ಭೂಪಸಂದ್ರ, ಕೊಡಿಗೇಹಳ್ಳಿ, ಸಹಕಾರನಗರಗಳಲ್ಲಿ ನಡೆದು ಹೋಗುವಷ್ಟು ದೂರದಲ್ಲಿರುವ ಶ್ರದ್ಧಾವಂತ ಗುರುವೇ ಮೇಲೆಂಬುದು ನಮ್ಮ ಅಭಿಪ್ರಾಯ. ದೂರದ ವಿದ್ವಾಂಸರ ಸೇವೆಯು ವರ್ಣಗಳು ಮುಗಿದ ಮೇಲೆ ಆಗಬಹುದು. ಪಾಶ್ಚಾತ್ಯ ಸಂಗೀತವನ್ನು ಅಪೇಕ್ಷಿಸುವವರಿಗಂತೂ ಅರುಣಾ ಸುಂದರಲಾಲ್ ಅವರು 1987ರಲ್ಲಿ ಸ್ಥಾಪಿಸಿದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ರವೀಂದ್ರನಾಥ ಟಾಗೂರ್ ನಗರದಲ್ಲಿಯೇ ಇದೆ.

ಗುರುಗಳ ಸುಳಿವು ಸಿಗುವುದೆಲ್ಲಿ ಎಂದರೆ, ನೆರೆಹೊರೆಯ ದೇವಾಲಯಗಳ ಉತ್ಸವಗಳಲ್ಲಿ, ಚರ್ಚುಗಳ ಗಾಯನವೃಂದಗಳಲ್ಲಿ, ಬಡಾವಣೆಯ ರಾಮನವಮಿಯ ಕಚೇರಿಗಳಲ್ಲಿ. ವಿದ್ವಾಂಸರನ್ನು ಕೇಳಿ ಬರುವುದರ ಜೊತೆಗೆ ಅವರ ಶಿಷ್ಯರನ್ನು ಕೇಳಿರಿ. ಜಾಣ ಶಿಷ್ಯೆಯೊಬ್ಬಳನ್ನಲ್ಲ, ಸಾಧಾರಣರಾದ ನಾಲ್ವರನ್ನು.

ಈಗ, ನಮ್ಮ ಹೈಸ್ಕೂಲಿನಲ್ಲಿ ಕೀರ್ತನೆಗಳನ್ನು ಹಾಡಿ ಬೆಳೆದ ಮಕ್ಕಳಿಗೆ ಒದಗುವ ವಿಶೇಷವಾದ ತೊಡಕೊಂದನ್ನು ಹೇಳಬೇಕು. ಇಂಗ್ಲೆಂಡಿನ ನಾರಿಚ್ ಪಟ್ಟಣದ ಸಾರಾ ಗ್ಲೋವರ್ ಎಂಬ ಉಪಾಧ್ಯಾಯಿನಿಯು ಆರಂಭಿಸಿ, ಜಾನ್ ಕರ್ವೆನ್ (1816–1880) ಎಂಬ ಪಾದ್ರಿಯು ಪರಿಷ್ಕರಿಸಿದ ಟಾನಿಕ್ ಸಾಲ್ಫಾ ಪದ್ಧತಿಯು ಮಿಷನ್ ಶಾಲೆಗಳ ಮೂಲಕ ಲೋಕದಲ್ಲೆಲ್ಲ ಹರಡಿತು. ಅದರ 'ಡೋ' ನಮ್ಮ ಷಡ್ಜದಂತೆಯೇ ಹಾಡುವವರ ಅನುಕೂಲಕ್ಕೆ ತಕ್ಕಂತೆ ಸ್ಥಳವನ್ನು ಬದಲಿಸುವುದು. ಆ ಡೋ-ರೇ-ಮೀ ಸೋಪಾನವು ನಮ್ಮ ಶಂಕರಾಭರಣದ ಸ್ವರಗಳಿಗೆ ಸಮಾನ. ಆದರೆ ಕರ್ನಾಟಕ ಸಂಗೀತದ ಸರಳಿವರಿಸೆಯನ್ನು, ಪುರಂದರದಾಸರು ಹಾಕಿಕೊಟ್ಟರೆಂದು ಹೇಳಲಾಗುವ ಕ್ರಮದಂತೆ, ಮಾಯಾಮಾಳವಗೌಳದಲ್ಲಿ ಕಲಿಸುವರು. ಅದರ ರಿಷಭ ಧೈವತಗಳೆರಡೂ ಶಂಕರಾಭರಣದವುಗಳಿಗಿಂತ ಅರ್ಧಸ್ವರದಷ್ಟು ಕೆಳಗೆ. ಉಳಿದ ಸ್ವರಗಳೆಲ್ಲ ಒಂದೇ. ಆದುದರಿಂದ ಪ್ರಾರ್ಥನೆಯ ರಾಗಗಳಿಗೆ ಕಿವಿ ಪಳಗಿದ ಹುಡುಗಿಯು ಮೊದಲನೆಯ ದಿನವೇ "ಸ ರಿ" ಎಂಬಲ್ಲಿ ಎಡವುವಳು. ಕಾರಣವನ್ನು ಬಲ್ಲ ಗುರುವು ನಕ್ಕು, ಎರಡು ರಿಷಭಗಳನ್ನೂ ಹಾಡಿ ತೋರಿಸಿ ಮುಂದುವರಿಸುವನು. ಅರಿಯದವನು ಅವಳಿಗೆ ಸ್ವರಜ್ಞಾನವಿಲ್ಲವೆನ್ನುವನು. ನಿಮ್ಮ ಮಗಳು ಗಾಯನವೃಂದದಲ್ಲಿ ಹಾಡುವವಳಾದರೆ ಆ ಮಾತನ್ನು ಮೊದಲೇ ತಿಳಿಸಿರಿ. ಎರಡು ಪದ್ಧತಿಗಳು ಒಂದೇ ಮನಸ್ಸಿನಲ್ಲಿ ಇರಲಾರವೆಂಬ ಮಾತು ಹುಸಿ. ಮೈಸೂರಿನ ಜಯಚಾಮರಾಜ ಒಡೆಯರು (1919–1974) 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಪದವಿಯನ್ನು ಪಡೆದ ಪಿಯಾನೊವಾದಕರು. ಅವರೇ ಮುಂದೆ 90ಕ್ಕೂ ಹೆಚ್ಚು ಕೃತಿಗಳನ್ನು ರಚಿಸಿದ ವಾಗ್ಗೇಯಕಾರರೂ ಆದರು.

ವಾದ್ಯವನ್ನು ಕಲಿಸುವವರು ಒಂದೆರಡು ಸಂಗತಿಗಳನ್ನು ಹೆಚ್ಚಾಗಿ ನೋಡಬೇಕು. ಪಿಟೀಲು ಕಾಲು, ಅರ್ಧ, ಮುಕ್ಕಾಲು, ಪೂರ್ಣವೆಂಬ ಅಳತೆಗಳಲ್ಲಿ ದೊರೆಯುವುದು; ಎಂಟು ವರ್ಷದ ಮಗುವಿಗೆ ಪೂರ್ಣ ಅಳತೆಯದನ್ನೇ ಕೊಳ್ಳಿರಿ, ಬೆಳೆದ ಮೇಲೆ ಉಪಯೋಗವಾಗುವುದೆಂದು ಹೇಳುವವರನ್ನು ನಂಬದಿರಿ. ಅರವತ್ತೊಂದು ಕೀಲಿಗಳ ಕೀಬೋರ್ಡು ಎಂಬತ್ತೆಂಟು ಕೀಲಿಗಳ ಪಿಯಾನೊ ಅಲ್ಲ. ಅದರ ಕೀಲಿಗಳು ಹಗುರ, ಬೆರಳಿಗೆ ಬಲ ಬಾರದು. ಟ್ರಿನಿಟಿ ಕಾಲೇಜ್ ಲಂಡನ್ನಿನ ಪರೀಕ್ಷೆಗಳಲ್ಲಿಯೂ ಎರಡಕ್ಕೂ ಬೇರೆಬೇರೆ ಪಾಠಕ್ರಮವುಂಟು. ಗುರುಗಳು ಯಾವುದನ್ನು ಕಲಿಸುವರೆಂದು ಸ್ಪಷ್ಟವಾಗಿ ಕೇಳಿರಿ. ವೀಣೆಗೆ ಮಾತ್ರ ಆತುರ ಬೇಡ. ಕುಳಿತ ಮಗುವಿನ ಎಡಗೈ ಮೆಟ್ಟಿಲುಗಳ ಮೇಲೆ ಆರಾಮವಾಗಿ ಆಡುವವರೆಗೆ ಹಾಡುವುದನ್ನೇ ಕಲಿಯಲಿ.

ಪರೀಕ್ಷೆಗಳ ವಿಷಯವನ್ನು ಹೆಚ್ಚು ಬೆಳೆಸುವುದಿಲ್ಲ. ನಮ್ಮ ರಾಜ್ಯದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳಾಗಲಿ, ಟ್ರಿನಿಟಿಯ ಎಂಟು ದರ್ಜೆಗಳಾಗಲಿ ಕ್ರಮಕ್ಕೆ ಸಹಾಯಕ. ವರ್ಷವೆಲ್ಲ ಪರೀಕ್ಷೆಯ ಮೂರು ಪಾಠಗಳನ್ನೇ ಅರೆಯುವ ಮನೆಯನ್ನು ಮಾತ್ರ ದೂರವಿಡಿರಿ.

2020ರ ಸಾಂಕ್ರಾಮಿಕದ ಬಳಿಕ ಫೋನಿನ ಪರದೆಯ ಮೇಲಿನ ಪಾಠವು ಮನೆಮನೆಗೂ ಬಂದಿದೆ. ದೂರದ ಒಳ್ಳೆಯ ಗುರುಗಳು ಇದರಿಂದ ದೊರೆಯುವುದು ದೊಡ್ಡ ಲಾಭವೇ. ಆದರೆ ಧ್ವನಿಯು ಕ್ಷಣಕಾಲ ತಡವಾಗಿ ತಲುಪುವುದರಿಂದ ಗುರುಶಿಷ್ಯರು ಒಟ್ಟಿಗೆ ಹಾಡಲಾಗದು, ತಾಳ ಸೇರದು. ಬಿಲ್ಲನ್ನು ಹಿಡಿದ ಮಣಿಕಟ್ಟನ್ನು ಮುಟ್ಟಿ ತಿದ್ದಲಾಗದು. ಆರಂಭದ ವರ್ಷಗಳಿಗೆ ಇದು ಸಾಲದು.

ಹೆಣ್ಣುಮಕ್ಕಳ ತಾಯಂದಿರಿಗೆ ಒಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ಗುರುಗಳು ಎಷ್ಟೇ ಹಿರಿಯರಾಗಿರಲಿ, ಎಷ್ಟೇ ಭಕ್ತರಾಗಿರಲಿ, ಪಾಠದ ಕೊಠಡಿಯ ಬಾಗಿಲು ತೆರೆದಿರಬೇಕು. ಮನೆಯವರು ಯಾರಾದರೂ ಕೂಗಳತೆಯಲ್ಲಿರಬೇಕು. ತಾಯಿಯು ಹೇಳದೆ ಬಂದು ಕುಳಿತರೆ ಯಾರೂ ಮುಖ ಸಿಂಡರಿಸಬಾರದು. ಇದನ್ನು ಅವಮಾನವೆಂದೆಣಿಸುವವರ ಬಳಿ ಸಂಗೀತವು ಬೇಡ. ಮಗಳು ಕಾರಣ ಹೇಳದೆ ಪಾಠಕ್ಕೆ ಹೋಗಲೊಲ್ಲೆನೆಂದರೆ ಅದನ್ನು ಸೋಮಾರಿತನವೆಂದು ತಳ್ಳಿಹಾಕದೆ, ಅಂದು ಮನೆಯಲ್ಲಿಯೇ ಉಳಿಸಿಕೊಂಡು ಮೆಲ್ಲನೆ ಕೇಳಿರಿ, ಹೇಳಿದುದನ್ನು ನಂಬಿರಿ. ಮಕ್ಕಳ ರಕ್ಷಣೆಗಾಗಿ 2012ರಲ್ಲಿ ಆದ ಪೋಕ್ಸೋ ಕಾಯಿದೆಯು ಗುರುವಿನ ಮನೆಗೂ ಅನ್ವಯಿಸುವುದು.

ಮೊದಲು ಒಂದು ಪಾಠವನ್ನು ಕುಳಿತು ನೋಡುವುದಕ್ಕೆ ಅನುಮತಿಯನ್ನು ಕೇಳಿರಿ. ಬಳಿಕ ಮೂರು ತಿಂಗಳ ಅವಧಿಯನ್ನು ಇಟ್ಟುಕೊಳ್ಳಿರಿ. ಆ ಅವಧಿಯಲ್ಲಿ ನಿತ್ಯವೂ ಇಪ್ಪತ್ತು ನಿಮಿಷ ಮನೆಯಲ್ಲಿ ಅಭ್ಯಾಸ ನಡೆಯಬೇಕು. ಭಾನುವಾರದ ಎರಡು ಗಂಟೆಯು ಅದಕ್ಕೆ ಸಮನಲ್ಲ. ಹೇಳಿಸಿಕೊಳ್ಳದೆಯೇ ಮಗುವು ಅಡಿಗೆಮನೆಯಲ್ಲಿಯೋ ಅಂಗಳದಲ್ಲಿಯೋ ಪಾಠವನ್ನು ಗುನುಗುತ್ತಿದ್ದರೆ ಗುರುವನ್ನು ಬದಲಿಸುವ ಯೋಚನೆಯೇ ಬೇಡ. ಹಾಗಲ್ಲದೆ ಬದಲಿಸಲೇಬೇಕಾಗಿ ಬಂದರೆ, ಫೋನಿನಲ್ಲಿ ಎರಡು ಸಾಲು ಬರೆದು ಮುಗಿಸದೆ, ತಾಯಿಮಗಳಿಬ್ಬರೂ ಹೋಗಿ, ಆ ತಿಂಗಳ ಸಂಭಾವನೆಯನ್ನು ಪೂರ್ತಿಯಾಗಿ ಒಪ್ಪಿಸಿ, ನಮಸ್ಕರಿಸಿ ಬನ್ನಿರಿ. ಮಗುವಿನ ಶ್ರುತಿಯು ಎಷ್ಟು ಮನೆಯೆಂಬುದನ್ನೂ ಪಾಠವು ಎಲ್ಲಿಯವರೆಗೆ ನಡೆದಿದೆಯೆಂಬುದನ್ನೂ ಅವರ ಕೈಯಿಂದಲೇ ಪುಸ್ತಕದಲ್ಲಿ ಬರೆಸಿಕೊಂಡರೆ ಮುಂದಿನ ಗುರುಗಳಿಗೆ ಅನುಕೂಲವಾಗುವುದು.