ಮೂಗು ತಿದ್ದಿಸಿಕೊಳ್ಳುವ ಮುನ್ನ

ರೈನೋಪ್ಲಾಸ್ಟಿ, ಅಂದರೆ ಮೂಗಿನ ಎಲುಬನ್ನೂ ಬಾಗುವ ಮೃದ್ವಸ್ಥಿಯನ್ನೂ ತಿದ್ದಿ ಆಕಾರ ಬದಲಿಸುವ ಶಸ್ತ್ರಚಿಕಿತ್ಸೆಯನ್ನು ಬಯಸುವವರು, ಕನ್ನಡಿಯಲ್ಲಿ ಮೊದಲು ಕಾಣುವುದು ಹೊಸ ಮೂಗಲ್ಲ, ಊದಿದ ಮುಖ ಎಂಬುದನ್ನು ತಿಳಿದಿರಬೇಕು. ಕಣ್ಣಿನ ಸುತ್ತ ರಕ್ತ ಕಟ್ಟಿ ನೀಲಿಗಟ್ಟಿದ್ದು ಸುಮಾರು 2 ವಾರಗಳಲ್ಲಿ ಮಾಸುತ್ತದೆ. ಹೊಸ ಆಕಾರವನ್ನು ಹಿಡಿದಿಡುವ ಗಟ್ಟಿ ಕವಚವಾದ ಸ್ಪ್ಲಿಂಟನ್ನು ಸಾಮಾನ್ಯವಾಗಿ ಒಂದು ವಾರದ ನಂತರ ತೆಗೆಯುತ್ತಾರೆ. ಆದರೆ ಒಳಬಾವು, ಅದರಲ್ಲೂ ದಪ್ಪ ಚರ್ಮದವರ ಮೂಗಿನ ತುದಿಯದು, ಪೂರ್ತಿ ಇಳಿಯಲು ಒಂದು ವರ್ಷವೇ ಹಿಡಿಯಬಹುದಾದ್ದರಿಂದ, ಮೂರನೆಯ ತಿಂಗಳಲ್ಲೇ ಫಲಿತಾಂಶವನ್ನು ಅಳೆದು ಮರುಶಸ್ತ್ರಚಿಕಿತ್ಸೆಗೆ ಅವಸರಪಡುವುದು ಅವಿವೇಕವೇ ಸರಿ. ಮೊದಲ ಕೆಲವು ವಾರ ಮೂಗು ಸೀಟುವುದಾಗಲಿ, ಕನ್ನಡಕದ ಭಾರವನ್ನು ಮೂಗಿನ ಮೇಲೆ ಹೊರಿಸುವುದಾಗಲಿ ಸಲ್ಲದು. ಸೀನು ಬಂದರೆ ಬಾಯಿ ತೆರೆದೇ ಸೀನಬೇಕು. ಧೂಮಪಾನವು ರಕ್ತಸಂಚಾರವನ್ನು ಕುಗ್ಗಿಸಿ ಗಾಯ ಮಾಯುವುದನ್ನು ತಡಮಾಡುವುದರಿಂದ, ಆ ಚಟವಿರುವವರು ಅದನ್ನು ವೈದ್ಯರಿಂದ ಮುಚ್ಚಿಡದೆ ಮೊದಲ ಭೇಟಿಯಲ್ಲೇ ಹೇಳಿಬಿಡುವುದು ಲೇಸು.