ಲೇಕ್ ಕೌಂಟಿ: ಊದುಕುಲುಮೆಯ ಸುತ್ತಲಿನ ಊರುಗಳು

ಹತ್ತನೇ ತರಗತಿಯ 'ಲೋಹಗಳು ಮತ್ತು ಅಲೋಹಗಳು' ಪಾಠದಲ್ಲಿ ಅದಿರಿನಿಂದ ಲೋಹವನ್ನು ಬೇರ್ಪಡಿಸುವ ಭಾಗ ಬಂದಾಗ ನಾವು ಸಾಮಾನ್ಯವಾಗಿ ಕಪ್ಪುಹಲಗೆಯ ಮೇಲೆ ಸಮೀಕರಣ ಬರೆದು ಮುಂದೆ ಸಾಗುತ್ತೇವೆ. ಕುಲುಮೆಯ ಪಕ್ಕದಲ್ಲಿ ಒಂದು ಊರು ಇರುತ್ತದೆ ಎಂಬುದು ಪಾಠಯೋಜನೆಯ ಯಾವ ಕಾಲಂನಲ್ಲೂ ಬರುವುದಿಲ್ಲ. ಈ ಬಾರಿಯ ಬೋಧನಾಭ್ಯಾಸದಲ್ಲಿ ವಿಷಯ ಪುಷ್ಟೀಕರಣಕ್ಕೆಂದು ನಾನು ಆರಿಸಿಕೊಂಡದ್ದು ಅಮೆರಿಕದ ಇಂಡಿಯಾನಾ ರಾಜ್ಯದ ಲೇಕ್ ಕೌಂಟಿ. ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕ. ಉಕ್ಕು, ಪೆಟ್ರೋಲಿಯಂ, ಮಾಂಸ, ಸೀಸ ಇಷ್ಟೂ ಉದ್ಯಮಗಳು ಒಂದೇ ಜಿಲ್ಲೆಯ ಉತ್ತರದ ಅಂಚಿನಲ್ಲಿ ಒತ್ತೊತ್ತಾಗಿ ಬೆಳೆದ ಜಾಗ ಅದು.

ಮಿಷಿಗನ್ ಸರೋವರದ ದಕ್ಷಿಣ ತುದಿಯಲ್ಲಿ, ಷಿಕಾಗೋ ನಗರಕ್ಕೆ ಅಂಟಿಕೊಂಡಂತೆ ಈ ಕೌಂಟಿ ಇದೆ. 1837ರಲ್ಲಿ ರಚನೆಯಾಯಿತು, ಆಡಳಿತ ಕೇಂದ್ರ ಕ್ರೌನ್ ಪಾಯಿಂಟ್. 2020ರ ಜನಗಣತಿಯಂತೆ ಜನಸಂಖ್ಯೆ ಸುಮಾರು 5 ಲಕ್ಷ. ಕೈಗಾರಿಕಾ ಜಿಲ್ಲೆ ಎಂದ ಕೂಡಲೇ ಎಲ್ಲ ಕಡೆಯೂ ಚಿಮಣಿಗಳೇ ಇರುತ್ತವೆಂದು ಮಕ್ಕಳು ಊಹಿಸುತ್ತಾರೆ. ವಾಸ್ತವದಲ್ಲಿ ಕೌಂಟಿಯ ದಕ್ಷಿಣ ಭಾಗದಲ್ಲಿ ಮೆಕ್ಕೆಜೋಳ, ಸೋಯಾ ಹೊಲಗಳಿವೆ. ಚಿಮಣಿಗಳೆಲ್ಲ ಇರುವುದು ನೀರಿನ ಬದಿಗೆ.

ನೀರಿನ ಬದಿಗೇ ಏಕೆ ಎಂಬ ಪ್ರಶ್ನೆಗೆ ಊದುಕುಲುಮೆಯೇ ಉತ್ತರ ಕೊಡುತ್ತದೆ. ಕುಲುಮೆಗೆ ಮೂರು ವಸ್ತು ಬೇಕು: ಕಬ್ಬಿಣದ ಅದಿರು, ಕೋಕ್, ಸುಣ್ಣಕಲ್ಲು. ಅದಿರು ಮಿನೆಸೋಟಾ ರಾಜ್ಯದ ಮೆಸಾಬಿ ಗಣಿಗಳಿಂದ ಸುಪೀರಿಯರ್ ಸರೋವರಕ್ಕೆ ಬಂದು, ಸೂ ಎಂಬಲ್ಲಿನ ಜಲದ್ವಾರಗಳ ಮೂಲಕ ಕೆಳಗಿಳಿದು, ಹಡಗಿನಲ್ಲೇ ಇಲ್ಲಿಗೆ ತಲುಪುತ್ತದೆ. ಕೋಕ್ ತಯಾರಿಸುವ ಕಲ್ಲಿದ್ದಲು ಅಪಲೇಷಿಯನ್ ಬೆಟ್ಟಗಳಿಂದ ರೈಲಿನಲ್ಲಿ ಬರುತ್ತಿತ್ತು. ಸುಣ್ಣಕಲ್ಲೂ ಸರೋವರದ ದಾರಿಯಲ್ಲೇ ಬಂತು. "ಅದಿರು ಇರೋ ಕಡೇನೇ ಕಾರ್ಖಾನೆ ಕಟ್ಟಬಹುದಿತ್ತಲ್ಲ ಮೇಡಂ?" ಎಂದು ಒಬ್ಬ ಹುಡುಗ ಕೇಳಿದ. ಕೋಕ್ ಬರೀ ಉರುವಲಲ್ಲ, ಆಕ್ಸೈಡಿನಿಂದ ಆಕ್ಸಿಜನ್ ಕಿತ್ತುಕೊಳ್ಳುವ ಇಂಗಾಲದ ಮೊನಾಕ್ಸೈಡ್ ಕೂಡ ಅದರಿಂದಲೇ ಬರಬೇಕು. ಹಾಗಾಗಿ ಕಲ್ಲಿದ್ದಲಿನ ತೂಕವೂ ಲೆಕ್ಕಕ್ಕೆ ಬರುತ್ತದೆ, ಜೊತೆಗೆ ಉಕ್ಕು ಕೊಳ್ಳುವವರೂ ಹತ್ತಿರ ಇರಬೇಕು. ಹಡಗು ಮತ್ತು ರೈಲು ಸಂಧಿಸುವ ಜಾಗ, ಪಕ್ಕದಲ್ಲೇ ಷಿಕಾಗೋ. ಈ ವಿವರಣೆ ಮುಗಿಯುವಷ್ಟರಲ್ಲಿ ಅಪಕರ್ಷಣದ ಅರ್ಥ ಮಕ್ಕಳಿಗೆ ನನ್ನ ನಿರೀಕ್ಷೆಗಿಂತ ಚೆನ್ನಾಗಿ ಹಿಡಿಸಿತ್ತು.

ಈ ಲೆಕ್ಕಾಚಾರದಿಂದಲೇ 1906ರಲ್ಲಿ ಯು.ಎಸ್. ಸ್ಟೀಲ್ ಕಂಪನಿ ಮರಳುದಿಬ್ಬ, ಜೌಗುನೆಲದ ಮೇಲೆ ಗ್ಯಾರಿ ನಗರವನ್ನು ಕಟ್ಟಿತು. ಹೆಸರು ಕಂಪನಿಯ ಅಧ್ಯಕ್ಷ ಎಲ್ಬರ್ಟ್ ಗ್ಯಾರಿಯವರದು. ಕಾರ್ಖಾನೆಗೆ ಜಾಗ ಮಾಡಲು ಗ್ರ್ಯಾಂಡ್ ಕಾಲುಮೆಟ್ ನದಿಯ ಪಾತ್ರವನ್ನೇ ಬದಲಿಸಿದರು. 1908ರಲ್ಲಿ ಮೊದಲ ಅದಿರಿನ ಹಡಗು ಬಂತು.

ನೆರೆಯ ಊರುಗಳು ಅದಕ್ಕಿಂತ ಹಳೆಯವು. ಹ್ಯಾಮಂಡ್ ಬೆಳೆದದ್ದು ಜಾರ್ಜ್ ಹ್ಯಾಮಂಡ್ ಅವರ ಕಸಾಯಿಖಾನೆಯಿಂದ. ಮಂಜುಗಡ್ಡೆ ತುಂಬಿದ ರೈಲುಡಬ್ಬಿಗಳಲ್ಲಿ ಮಾಂಸ ದೂರದ ಪೇಟೆಗಳಿಗೆ ಹೋಗುತ್ತಿತ್ತು. 1901ರಲ್ಲಿ ಅದು ಸುಟ್ಟುಹೋಯಿತು. ವೈಟಿಂಗ್‌ನಲ್ಲಿ 1889ರಲ್ಲಿ ಸ್ಟ್ಯಾಂಡರ್ಡ್ ಆಯಿಲ್ ಸಂಸ್ಕರಣಾಗಾರ ಆರಂಭವಾಯಿತು. ಭಾರವಾದ ಎಣ್ಣೆಯ ಅಣುಗಳನ್ನು ಶಾಖ, ಒತ್ತಡಗಳಿಂದ ಒಡೆದು ಹೆಚ್ಚು ಪೆಟ್ರೋಲ್ ಪಡೆಯುವ ವಿಧಾನವನ್ನು ವಿಲಿಯಂ ಬರ್ಟನ್ ರೂಪಿಸಿದ್ದು ಇಲ್ಲೇ. 1913ರಲ್ಲಿ ಪೇಟೆಂಟ್ ದೊರೆಯಿತು. 1955ರ ಆಗಸ್ಟ್‌ನಲ್ಲಿ ಅದೇ ಸಂಸ್ಕರಣಾಗಾರದಲ್ಲಿ ಸ್ಫೋಟವಾಗಿ ಬೆಂಕಿ ಎಂಟು ದಿನ ಉರಿಯಿತು, ಪಕ್ಕದ ಬೀದಿಗಳ ಮನೆಗಳೂ ಹಾಳಾದವು. ಎರಡನ್ನೂ ಒಟ್ಟಿಗೇ ಹೇಳಬೇಕೆಂಬುದು ನನ್ನ ಅಭಿಪ್ರಾಯ.

ಕೆಲಸಕ್ಕೆ ಬಂದವರು ಪೋಲೆಂಡ್, ಸ್ಲೊವಾಕಿಯಾ, ಸರ್ಬಿಯಾ, ಕ್ರೊಯೇಷಿಯಾ ಕಡೆಯವರು. 1919ರ ಉಕ್ಕು ಮುಷ್ಕರದ ವೇಳೆಗೆ ದಕ್ಷಿಣದ ರಾಜ್ಯಗಳ ಕಪ್ಪುಜನರು ಮತ್ತು ಮೆಕ್ಸಿಕನ್ನರು. ಇಷ್ಟು ಭಾಷೆಯ ಮಕ್ಕಳಿಗೆ ಶಾಲೆ ನಡೆಸುವುದು ಹೇಗೆ? ಇಲ್ಲಿ ನಮ್ಮಂಥ ಪ್ರಶಿಕ್ಷಣಾರ್ಥಿಗಳು ಸ್ವಲ್ಪ ನಿಲ್ಲಬೇಕು. 1907ರಲ್ಲಿ ಗ್ಯಾರಿಗೆ ಬಂದ ಶಾಲಾ ಅಧೀಕ್ಷಕ ವಿಲಿಯಂ ವರ್ಟ್ ಅವರು ಕೆಲಸ, ಓದು, ಆಟ ಮೂರನ್ನೂ ಹೊಂದಿಸಿದ ವೇಳಾಪಟ್ಟಿ ರೂಪಿಸಿದರು. ಅರ್ಧ ಮಕ್ಕಳು ತರಗತಿಯಲ್ಲಿದ್ದಾಗ ಉಳಿದವರು ಕಾರ್ಯಾಗಾರ, ಸಭಾಂಗಣ, ಆಟದ ಬಯಲಿನಲ್ಲಿ. ಸಂಜೆ ಅದೇ ಕಟ್ಟಡದಲ್ಲಿ ವಯಸ್ಕರ ತರಗತಿ. ಜಾನ್ ಡ್ಯೂಯಿ ಮತ್ತು ಅವರ ಮಗಳು 1915ರ ತಮ್ಮ ಪುಸ್ತಕದಲ್ಲಿ ಈ ಶಾಲೆಗಳನ್ನು ಮೆಚ್ಚಿ ಬರೆದರು. ಶಿಕ್ಷಣ ತತ್ವಶಾಸ್ತ್ರದ ಪತ್ರಿಕೆಗೆ ನಾವು ಓದುವ ಪ್ರಯೋಗಶೀಲ ಶಿಕ್ಷಣ ಇಲ್ಲಿ ಗಾರೆ, ಇಟ್ಟಿಗೆಯಲ್ಲಿ ನಿಂತಿತ್ತು.

ಆದರೆ 1927ರಲ್ಲಿ ಎಮರ್ಸನ್ ಶಾಲೆಗೆ ಕೆಲವು ಕಪ್ಪು ವಿದ್ಯಾರ್ಥಿಗಳನ್ನು ಸೇರಿಸಿದಾಗ ಬಿಳಿಯ ವಿದ್ಯಾರ್ಥಿಗಳು ತರಗತಿ ಬಿಟ್ಟು ಹೊರನಡೆದರು. ನಗರಾಡಳಿತ ಅವರಿಗೇ ಮಣಿಯಿತು. ಕಪ್ಪು ಮಕ್ಕಳಿಗೆಂದು ಬೇರೆ ಪ್ರೌಢಶಾಲೆ ಎದ್ದಿತು. 1945ರಲ್ಲಿ ಮತ್ತೆ ಅಂಥದೇ ಮುಷ್ಕರ, ಈ ಬಾರಿ ಫ್ರೋಬೆಲ್ ಶಾಲೆಯಲ್ಲಿ. ಹೌದು, ಕಿಂಡರ್‌ಗಾರ್ಟನ್‌ನ ಅದೇ ಫ್ರೋಬೆಲ್. ಮಕ್ಕಳ ಮನವೊಲಿಸಲು ಗಾಯಕ ಫ್ರಾಂಕ್ ಸಿನಾತ್ರಾ ಬಂದು ಹೋದರು. ವೇಳಾಪಟ್ಟಿ ಎಷ್ಟೇ ಪ್ರಗತಿಪರವಾಗಿದ್ದರೂ ಬಾಗಿಲಲ್ಲಿ ಯಾರನ್ನು ಒಳಗೆ ಬಿಡುತ್ತೇವೆ ಎಂಬುದನ್ನು ಅದು ನಿರ್ಧರಿಸಲಿಲ್ಲ.

1960ರಲ್ಲಿ ಗ್ಯಾರಿಯ ಜನಸಂಖ್ಯೆ 1,78,320. 2020ರಲ್ಲಿ 69,093. 1967ರಲ್ಲಿ ರಿಚರ್ಡ್ ಹ್ಯಾಚರ್ ಮೇಯರ್ ಆಗಿ ಆಯ್ಕೆಯಾದರು. ಅಮೆರಿಕದ ದೊಡ್ಡ ನಗರಗಳಲ್ಲಿ ಆಯ್ಕೆಯಾದ ಮೊದಲ ಕಪ್ಪು ಮೇಯರ್‌ಗಳಲ್ಲಿ ಅವರೂ ಒಬ್ಬರು. ಬಿಳಿಯ ಕುಟುಂಬಗಳು ಮತ್ತು ಅಂಗಡಿಗಳು ದಕ್ಷಿಣಕ್ಕೆ ಸರಿದವು. ಗ್ಯಾರಿಗೆ ತಾಗಿದ ಮೆರಿಲ್‌ವಿಲ್ 1971ರಲ್ಲಿ ಪ್ರತ್ಯೇಕ ಪಟ್ಟಣವಾಯಿತು. ಅದೇ ದಶಕದಿಂದ ಉಕ್ಕಿನ ಕೆಲಸಗಳೂ ಕರಗತೊಡಗಿದವು. ಮೈಕೆಲ್ ಜಾಕ್ಸನ್ ಹುಟ್ಟಿದ ಊರು ಗ್ಯಾರಿ ಎಂದಾಗ ಹಿಂದಿನ ಬೆಂಚಿನವರೂ ತಲೆ ಎತ್ತಿದರು; ಅವರ ತಂದೆ ಉಕ್ಕಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವರು.

ಪಾಠದ ಕೊನೆಯ ಭಾಗ ಪೂರ್ವ ಷಿಕಾಗೋ ಎಂಬ ಊರಿನದು. ಇದೂ ಲೇಕ್ ಕೌಂಟಿಯದೇ, ಷಿಕಾಗೋ ನಗರದ ಬಡಾವಣೆಯಲ್ಲ. ಅಲ್ಲಿ ಹಿಂದೆ ಸೀಸದ ಕಾರ್ಖಾನೆ ಇದ್ದ ನೆಲದ ಮೇಲೆ 1970ರ ದಶಕದ ಆರಂಭದಲ್ಲಿ ಬಡವರಿಗೆಂದು ವೆಸ್ಟ್ ಕಾಲುಮೆಟ್ ವಸತಿ ಸಮುಚ್ಚಯ ಕಟ್ಟಿದರು. ಪಕ್ಕದಲ್ಲೇ ಪ್ರಾಥಮಿಕ ಶಾಲೆ. 2009ರಲ್ಲಿ ಆ ಪ್ರದೇಶ ಕೇಂದ್ರ ಸರ್ಕಾರದ ಅತಿ ಕಲುಷಿತ ಸ್ಥಳಗಳ ಪಟ್ಟಿಗೆ ಸೇರಿತು. 2016ರಲ್ಲಿ ಸಾವಿರಕ್ಕೂ ಹೆಚ್ಚು ನಿವಾಸಿಗಳಿಗೆ ಮನೆ ಬಿಡಬೇಕೆಂದು ತಿಳಿಸಲಾಯಿತು. ಶಾಲೆಯ ಮಕ್ಕಳನ್ನೂ ಬೇರೆಡೆಗೆ ಕಳಿಸಿದರು. ಇದನ್ನು ಬೋಧಿಸುವವರಿಗೆ ಒಂದು ಸೂಚನೆ: ಮೊದಲು 'ಸೀಸದಕಡ್ಡಿ'ಯ ಗೊಂದಲ ಬಿಡಿಸಿ. ಪೆನ್ಸಿಲ್‌ನಲ್ಲಿರುವುದು ಗ್ರಾಫೈಟ್, ಸೀಸವಲ್ಲ. ಆಮೇಲೆ, ಸೀಸ ಧಾತುವಾದ್ದರಿಂದ ಕೊಳೆತು ಇಲ್ಲವಾಗುವುದಿಲ್ಲ, ಮಣ್ಣಿನಲ್ಲೇ ಉಳಿಯುತ್ತದೆ. ನೆಲದಲ್ಲಿ ಆಡಿ ಕೈ ಬಾಯಿಗಿಡುವ ಪುಟ್ಟ ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿ ಮಾಡುತ್ತದೆ ಎಂಬುದಕ್ಕೆ ಬನ್ನಿ. "ಮನೆ ಕಟ್ಟೋಕೆ ಮುಂಚೆ ಮಣ್ಣು ಪರೀಕ್ಷೆ ಮಾಡ್ಲಿಲ್ವಾ?" ಎಂದು ಮುಂದಿನ ಸಾಲಿನ ಹುಡುಗಿ ಕೇಳಿದಳು. ಆ ಪ್ರಶ್ನೆಯನ್ನು ಹಲಗೆಯ ಮೇಲೆ ಹಾಗೇ ಬರೆದಿಟ್ಟೆ.

ಬೋಧನೋಪಕರಣವಾಗಿ ಎರಡು ಟ್ರೇಸಿಂಗ್ ಹಾಳೆ ಸಾಕು. ಒಂದರಲ್ಲಿ ಸರೋವರ, ನದಿ, ರೈಲುಹಳಿ, ಕಾರ್ಖಾನೆಗಳು. ಇನ್ನೊಂದರಲ್ಲಿ ಮನೆ, ಶಾಲೆಗಳು. ಮೊದಲ ಹಾಳೆಗೆ ಒಂದು ಅವಧಿ, ಎರಡನ್ನೂ ಒಂದರ ಮೇಲೊಂದು ಇಟ್ಟು ಓದಲು ಇನ್ನೊಂದು. ನಲವತ್ತು ನಿಮಿಷದಲ್ಲಿ ಎರಡನ್ನೂ ಮುಗಿಸಲು ಹೋದರೆ ಕೈಬಿಟ್ಟುಹೋಗುವುದು ಎರಡನೆಯದೇ. ಹಾಗಾಗಿ ಘಟಕ ಯೋಜನೆಯಲ್ಲೇ ಅದಕ್ಕೆ ಜಾಗ ಬಿಟ್ಟುಕೊಳ್ಳಿ.