ದ್ಯುತಿತಂತು: ಗಡಿನಾಡಿನ ಬೆಳಕಿನ ಎಳೆ

ಐಚ್ಛಿಕ ಕನ್ನಡದ ವಿದ್ಯಾರ್ಥಿಗೆ ದ್ಯುತಿತಂತುವಿನ ವಿಚಾರವೇಕೆ ಎಂದು ಕೆಲವರು ಕೇಳಬಹುದು. ಹಿಂದೂಪುರ, ಕಲ್ಯಾಣದುರ್ಗಗಳ ಸೀಮೆ ನೊಳಂಬರು ಆಳಿದ ನಾಡು. ಅವರ ರಾಜಧಾನಿ ಹೆಂಜೇರು, ಇಂದಿನ ಹೇಮಾವತಿ, ಮಡಕಶಿರದ ಕಡೆಯಲ್ಲಿದೆ. ಇಲ್ಲಿನ ಶಾಸನಗಳನ್ನು ಓದಬಯಸುವವರು ಹಿಂದೆ ದೂರದ ಗ್ರಂಥಾಲಯಗಳಿಗೆ ಅಲೆಯಬೇಕಾಗಿತ್ತು. ಮದ್ರಾಸ್ ಪ್ರಾಂತ್ಯದ ಕನ್ನಡ ಶಾಸನಗಳಿಗೆ ಮೀಸಲಾದ ‘ದಕ್ಷಿಣ ಭಾರತದ ಶಾಸನಗಳು’ ಮಾಲೆಯ ಒಂಬತ್ತನೆಯ ಸಂಪುಟವೂ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಸಂಪುಟಗಳೂ ಈಗ ಅಂತರ್ಜಾಲದಲ್ಲಿ ದೊರೆಯುತ್ತವೆ. ಅವು ನಮ್ಮ ಹಳ್ಳಿಗಳತ್ತ ಬರುವ ಹಾದಿ ಕೂದಲೆಳೆಯಷ್ಟು ತೆಳುವಾದ ಗಾಜಿನದು.

ಈ ಎಳೆಯಲ್ಲಿ ಒಳಗಿನ ತಿರುಳಿನ ವಕ್ರೀಭವನ ಸೂಚ್ಯಂಕವು ಹೊರಕವಚದ್ದಕ್ಕಿಂತ ತುಸು ಹೆಚ್ಚು. ಆದ್ದರಿಂದ ಓರೆಯಾಗಿ ಬಂದ ಬೆಳಕು ಅಂಚನ್ನು ದಾಟದೆ ಮತ್ತೆ ತಿರುಳಿಗೇ ಮರಳುತ್ತದೆ. ಇದೇ ಪೂರ್ಣ ಆಂತರಿಕ ಪ್ರತಿಫಲನ. ವೈದ್ಯರು ಎಂಡೋಸ್ಕೋಪಿನ ಮೂಲಕ ಹೊಟ್ಟೆಯೊಳಕ್ಕೆ ಬೆಳಕು ಹಾಯಿಸುವುದೂ ಇದರಿಂದಲೇ. (ಪರಿಭಾಷೆಯ ಬಗ್ಗೆ ಒಂದು ಮಾತು: ನಮ್ಮ ‘ಪ್ರತಿಫಲನ’ಕ್ಕೆ ಮರಾಠಿ, ತೆಲುಗುಗಳೆರಡರಲ್ಲಿಯೂ ‘ಪರಾವರ್ತನ’ವೆನ್ನುತ್ತಾರೆ, ‘ವಕ್ರೀಭವನ’ದಲ್ಲಿ ತೆಲುಗು ನಮ್ಮೊಡನಿದೆ, ಇಂದಿನ ಮರಾಠಿ ಪಠ್ಯಗಳು ‘ಅಪವರ್ತನ’ವನ್ನು ಬಳಸುತ್ತವೆ. ಮರಳಿ ಬರುವ ಬೆಳಕಿಗೆ ‘ಪರಾವರ್ತನ’ವೇ ಹೆಚ್ಚು ಒಪ್ಪುತ್ತದೆಂದು ನನ್ನ ಅನಿಸಿಕೆ.)

ಗಾಜಿನಲ್ಲಿ ಬೆಳಕು ಬಹುಬೇಗ ಕ್ಷೀಣಿಸುವುದೇ ಮೊದಲಿನ ತೊಡಕಾಗಿತ್ತು. ಇದಕ್ಕೆ ಮುಖ್ಯ ಕಾರಣ ಗಾಜಿನೊಳಗಿನ ಕಲ್ಮಶವೆಂದು 1966ರಲ್ಲಿ ಚಾರ್ಲ್ಸ್ ಕಾವೊ ಮತ್ತು ಜಾರ್ಜ್ ಹಾಕ್‌ಹ್ಯಾಮ್ ಪ್ರತಿಪಾದಿಸಿದರು. ಒಂದು ಕಿಲೋಮೀಟರ್ ಸಾಗಿದ ಮೇಲೆ ನೂರರಲ್ಲೊಂದು ಪಾಲು ಬೆಳಕು ಉಳಿದರೂ ಸಂವಹನಕ್ಕೆ ಸಾಕೆಂದರು. 1970ರಲ್ಲಿ ಅಮೆರಿಕದ ಕಾರ್ನಿಂಗ್ ಸಂಸ್ಥೆ ಆ ಗುರಿಯನ್ನು ಮುಟ್ಟಿತು. ಕಾವೊ ಅವರಿಗೆ ನೊಬೆಲ್ ಬಂದದ್ದು 2009ರಲ್ಲಿ. ಇಂದಿನ ಉತ್ತಮ ಎಳೆಯಲ್ಲಿ ಬೆಳಕು ನೂರರಲ್ಲೊಂದು ಪಾಲಿಗೆ ಇಳಿಯುವುದು ಸುಮಾರು ನೂರು ಕಿಲೋಮೀಟರ್ ಸಾಗಿದ ಮೇಲೆ. ಆ ದೂರಕ್ಕೆ ಅದು ತೆಗೆದುಕೊಳ್ಳುವ ಕಾಲ ಸೆಕೆಂಡಿನ ಎರಡು ಸಾವಿರದಲ್ಲೊಂದು ಪಾಲು.

ಗಾಜು ವಿದ್ಯುದ್ವಾಹಕವಲ್ಲ; ಪಕ್ಕದ ವಿದ್ಯುತ್ ತಂತಿ ಅದರ ಸಂಕೇತವನ್ನು ಕೆಡಿಸಲಾರದು. ಈ ಗುಣದ ಬಲದಿಂದಲೇ ಆಂಧ್ರಪ್ರದೇಶದ ಫೈಬರ್‌ನೆಟ್ ಯೋಜನೆ ಕೇಬಲ್ಲನ್ನು ನೆಲದಲ್ಲಿ ಹೂಳದೆ, ಬಹುಮಟ್ಟಿಗೆ ವಿದ್ಯುತ್ ಕಂಬಗಳ ಮೇಲೆಯೇ ಎಳೆಯಿತು. 2017ರ ಡಿಸೆಂಬರಿನಲ್ಲಿ ಉದ್ಘಾಟನೆಗೊಂಡಾಗ, ತಿಂಗಳಿಗೆ 149 ರೂಪಾಯಿಗೆ ಅಂತರ್ಜಾಲ, ದೂರವಾಣಿ, ಟಿ.ವಿ. ಮೂರನ್ನೂ ಒದಗಿಸುವ ಭರವಸೆ ಅದರದಾಗಿತ್ತು. ಅಗೆತದ ವೆಚ್ಚವೇನೋ ಉಳಿಯಿತು. ಆದರೆ ಗಾಳಿಗೆ ಉರುಳುವ ಮರ, ಎತ್ತರಕ್ಕೆ ಹೇರಿದ ಲಾರಿ ಎಲ್ಲವೂ ಇಂಥ ಕೇಬಲ್ಲಿಗೆ ಶತ್ರುಗಳೇ.

ತುಂಡಾದ ತಾಮ್ರದ ತಂತಿಯನ್ನು ಲೈನ್‌ಮನ್ ಕೈಯಿಂದಲೇ ಹೊಸೆದು ಕೂಡಿಸುತ್ತಿದ್ದ. ಗಾಜಿನ ಎಳೆಯಾದರೋ ತುದಿಗಳನ್ನು ನೇರವಾಗಿ ಕತ್ತರಿಸಿ, ಎದುರುಬದುರು ಹೊಂದಿಸಿ, ಯಂತ್ರದಲ್ಲಿ ಕರಗಿಸಿ ಬೆಸೆಯಬೇಕು. ದೂರ ಸಾಗುವ ಎಳೆಗಳ ತಿರುಳು ಮಿಲಿಮೀಟರಿನ ನೂರರಲ್ಲೊಂದು ಪಾಲಿಗಿಂತಲೂ ಕಿರಿದು. ಯಂತ್ರವೂ ಅದನ್ನು ಬಲ್ಲವನೂ ಬರುವವರೆಗೆ ಊರೇ ಕಾಯಬೇಕು. ಎಳೆಯನ್ನು ಬಿಗಿಯಾಗಿ ಬಾಗಿಸಿದರೂ ಬೆಳಕು ಸೋರುತ್ತದೆ.

ನನ್ನ ಎಣಿಕೆಯಲ್ಲಿ ದೊಡ್ಡ ಕೊರತೆ ಬೇರೊಂದಿದೆ. ಹಳೆಯ ದೂರವಾಣಿಗೆ ಬೇಕಾದ ವಿದ್ಯುತ್ತು ಎಕ್ಸ್‌ಚೇಂಜಿನಿಂದ ಅದೇ ತಾಮ್ರದ ತಂತಿಯಲ್ಲಿ ಬರುತ್ತಿತ್ತು. ಊರೆಲ್ಲ ಕತ್ತಲಾದರೂ ಫೋನಿನಲ್ಲಿ ಮಾತನಾಡಬಹುದಾಗಿತ್ತು. ಗಾಜಿನ ಎಳೆ ಆ ವಿದ್ಯುತ್ತನ್ನು ತರಲಾರದು. ಬ್ಯಾಟರಿಯ ಆಸರೆ ಇಲ್ಲದಿದ್ದರೆ ಕರೆಂಟು ಹೋದೊಡನೆ ಮನೆಯ ಪೆಟ್ಟಿಗೆಯೂ ಆರುತ್ತದೆ. ಬೇಕಾದ ಶಾಸನ ಸಂಪುಟವನ್ನು ಕರೆಂಟಿರುವಾಗಲೇ ಇಳಿಸಿಟ್ಟುಕೊಳ್ಳುವುದು ಲೇಸು.